ಮಂಡಿ ನೋವೆಲ್ಲವೂ ‘ಸವೆತ’ವೇ? ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು?

ಶಿರಸಿ ಸೀಮೆಯವಳು

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ ಈಗ 58 ವರ್ಷ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಪ್ರತಿ ಕೊಯ್ಲಿಗೂ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದವರು. ಕಳೆದ ವರ್ಷದಿಂದ ಬಲಗಾಲಿನ ಮಂಡಿ ನೋಯುತ್ತಿದೆ. ಬೆಳಿಗ್ಗೆ ಎದ್ದಾಗ ಕಾಲು ಬಿಗಿದಂತಿರುತ್ತದೆ, ಒಲೆ ಹೊತ್ತಿಸಿ ಕಾಫಿಗೆ ನೀರಿಡುವಷ್ಟರಲ್ಲಿ ಸಡಿಲವಾಗುತ್ತದೆ. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದೇ ಅವರಿಗೆ ಹೆಚ್ಚು ಕಷ್ಟ. ತೋಟಕ್ಕೆ ಹೋಗಿಬಂದ ದಿನ ಸಂಜೆ ಸ್ವಲ್ಪ ಊತವೂ ಕಾಣುತ್ತದೆ. ಜ್ವರವಿಲ್ಲ, ಬಿದ್ದಿಲ್ಲ.

ಎಕ್ಸ್‌ರೇ ತೆಗೆಸಿದೆವು. ‘ಸವೆತ’ ಎಂದರು. ಒಬ್ಬ ವೈದ್ಯರು ಮಂಡಿಯನ್ನೇ ಬದಲಾಯಿಸಬೇಕು ಎಂದರೆ, ಮತ್ತೊಬ್ಬರು ಇಂಜೆಕ್ಷನ್ ಸಾಕು ಎಂದರು. ಬೆಂಗಳೂರಿನಲ್ಲಿರುವ ಅಣ್ಣ ಮೃದ್ವಸ್ಥಿ (ಕೀಲಿನಲ್ಲಿ ಮೂಳೆಗಳ ತುದಿಗಿರುವ ನುಣುಪಾದ ಹೊದಿಕೆ) ಬೆಳೆಸುವ ಮಾತ್ರೆಯೆಂದು ದುಬಾರಿ ಡಬ್ಬಿಯೊಂದನ್ನು ಕಳುಹಿಸಿದ್ದಾನೆ. ಪಕ್ಕದ ಮನೆಯವರದು ಎಕ್ಕದ ಎಲೆಯ ಸಲಹೆ. ನನ್ನ ಪ್ರಶ್ನೆ ಎರಡೇ: ಈ ವಯಸ್ಸಿನ ಮಂಡಿ ನೋವೆಲ್ಲವೂ ಸವೆತವೇ? ಮತ್ತು, ಯಾವ ಲಕ್ಷಣ ಕಂಡರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು?

ನಿವೃತ್ತ ತಾಲ್ಲೂಕು ವೈದ್ಯ

ತಂಗಿ, ಕಾಲನ್ನು ಮುಟ್ಟಿ ನೋಡದೆ ರೋಗ ಇಂಥದ್ದೇ ಎಂದು ಹೇಳುವುದು ಸರಿಯಲ್ಲ. ಆದರೆ ನೀವು ಕೊಟ್ಟಿರುವ ವಿವರ ಎಕ್ಸ್‌ರೇಗಿಂತ ಹೆಚ್ಚು ಮಾತನಾಡುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ. ನಲವತ್ತೈದು ದಾಟಿದವರಲ್ಲಿ, ಓಡಾಡಿದಾಗ ಹೆಚ್ಚುವ ಮತ್ತು ಕುಳಿತಾಗ ತಗ್ಗುವ ನೋವಿದ್ದು, ಬೆಳಗಿನ ಬಿಗಿತ ಇಲ್ಲದಿದ್ದರೆ ಅಥವಾ ಅರ್ಧ ಗಂಟೆಯೊಳಗೆ ಬಿಟ್ಟುಹೋಗುತ್ತಿದ್ದರೆ, ಅದನ್ನು ಸಂಧಿ ಸವೆತ, ಅಂದರೆ ಆಸ್ಟಿಯೋ ಆರ್ಥ್ರೈಟಿಸ್ ಎಂದು ಚಿತ್ರ ತೆಗೆಸದೆಯೇ ಗುರುತಿಸಬಹುದು ಎಂದು ಬ್ರಿಟನ್ನಿನ ರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ನಿಮ್ಮ ತಾಯಿಯವರ ನೋವು ಈ ಗುಂಪಿಗೆ ಸೇರುವಂತೆ ಕಾಣುತ್ತದೆ.

ಆದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ‘ಅಲ್ಲ’ ಎಂದೇ. ಐವತ್ತು ದಾಟಿದ ಯಾರ ಮಂಡಿಯ ಎಕ್ಸ್‌ರೇ ತೆಗೆದರೂ ಸ್ವಲ್ಪ ಸವೆತ ಕಾಣುವ ಸಂಭವ ಹೆಚ್ಚು, ನೋವೇ ಇಲ್ಲದವರಲ್ಲಿಯೂ ಅದು ಕಾಣುತ್ತದೆ. ಚಿತ್ರದಲ್ಲಿ ಕಂಡದ್ದೇ ನೋವಿಗೆ ಕಾರಣ ಎಂದು ತೀರ್ಮಾನಿಸಿ ಕಡತ ಮುಚ್ಚಿಬಿಟ್ಟರೆ, ಬೇರೆ ಕಾರಣವಿದ್ದವರು ವರ್ಷಗಟ್ಟಲೆ ತಪ್ಪು ಔಷಧಿ ನುಂಗುತ್ತಾರೆ. ನನ್ನ ಸೇವೆಯ ಕಾಲದಲ್ಲಿ ಹೊರರೋಗಿ ವಿಭಾಗದ ಸಾಲು ಎಷ್ಟೇ ಉದ್ದವಿದ್ದರೂ ನಾನು ಕೆಲವು ಪ್ರಶ್ನೆಗಳನ್ನು ಬಿಡುತ್ತಿರಲಿಲ್ಲ. ನೋವು ಹೇಗೆ ಶುರುವಾಯಿತು, ಒಂದೇ ದಿನದಲ್ಲೋ ನಿಧಾನವಾಗಿಯೋ? ಬೆರಳಿಟ್ಟು ತೋರಿಸುವುದಾದರೆ ಎಲ್ಲಿ? ಊತ ಬಂದಿತ್ತೇ, ಬಂದಿದ್ದರೆ ಎಷ್ಟು ಹೊತ್ತಿಗೆ ಬಂತು? ಬೇರೆ ಗಂಟುಗಳೂ ನೋಯುತ್ತವೆಯೇ? ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೇ?

ಬೆಳಗಿನ ಬಿಗಿತ ಒಂದು ಗಂಟೆ ಮೀರಿದರೆ, ಎರಡೂ ಕೈಗಳ ಬೆರಳುಗಂಟುಗಳು ಊದಿಕೊಂಡಿದ್ದರೆ, ಅದು ಸವೆತವಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಗಂಟುಗಳ ಮೇಲೆ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತವಿರಬಹುದು. ಇದಕ್ಕೆ ಮೊದಲ ತಿಂಗಳುಗಳಲ್ಲೇ ಸರಿಯಾದ ಔಷಧಿ ಸಿಕ್ಕರೆ ಗಂಟುಗಳು ಉಳಿಯುತ್ತವೆ. ರಾತ್ರೋರಾತ್ರಿ ಕೆಂಪಾಗಿ, ಹೊದಿಕೆ ತಾಗಿದರೂ ಸಹಿಸಲಾಗದಂತೆ ನೋಯುವುದು ಯೂರಿಕ್ ಆಮ್ಲದ ಹರಳುಗಳಿಂದ ಬರುವ ಗೌಟ್ ಇದ್ದೀತು. ಅದು ಹೆಚ್ಚಾಗಿ ಕಾಲಿನ ಹೆಬ್ಬೆರಳಿಗೆ ಬರುವುದಾದರೂ ಮಂಡಿಯನ್ನು ಬಿಡುವುದಿಲ್ಲ. ವಾರಗಟ್ಟಲೆ ನಿಧಾನವಾಗಿ ಊದುತ್ತಾ, ತೊಡೆ ಸಣಕಲಾಗುತ್ತಾ, ಸಂಜೆಯ ಹೊತ್ತು ಮೈ ಬೆಚ್ಚಗಾಗುತ್ತಿದ್ದರೆ ಮಂಡಿಯ ಕ್ಷಯವನ್ನು ನಮ್ಮ ದೇಶದಲ್ಲಿ ಮರೆಯುವಂತಿಲ್ಲ. ಕ್ಷಯವೆಂದರೆ ಕೆಮ್ಮು ಮಾತ್ರ ಎಂದು ತಿಳಿದಿರುವುದರಿಂದ ಇದು ಬಹಳ ತಡವಾಗಿ ಪತ್ತೆಯಾಗುತ್ತದೆ.

ಇನ್ನೊಂದು ಮಾತು. ಮಂಡಿ ನೋಯುತ್ತದೆ ಎಂದು ಬಂದವರ ಸೊಂಟದ ಕೀಲನ್ನು ತಿರುಗಿಸಿ ನೋಡದೆ ಕಳುಹಿಸಬಾರದು. ಸೊಂಟದ ಕೀಲಿನ ತೊಂದರೆ ಎಷ್ಟೋ ಸಲ ಮಂಡಿಯಲ್ಲಿ ಮಾತ್ರ ನೋವಾಗಿ ಕಾಣಿಸಿಕೊಳ್ಳುತ್ತದೆ. ಹೆಚ್ಚು ದಿನ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ, ವಿಪರೀತ ಮದ್ಯಪಾನ ಮಾಡುವವರಲ್ಲಿ ತೊಡೆಮೂಳೆಯ ತಲೆಗೆ ರಕ್ತ ಸಂಚಾರ ನಿಂತು ಅದು ಕುಸಿಯುವುದುಂಟು. ಅಂಥವರು ಮಂಡಿಗೆ ಎಣ್ಣೆ ಹಚ್ಚುತ್ತಾ ಕೂರುತ್ತಾರೆ.

ಹುಬ್ಬಳ್ಳಿ ಫಿಸಿಯೋಥೆರಪಿಸ್ಟ್

ಡಾಕ್ಟರ್ ಸಾಹೇಬರು ರೋಗ ಗುರುತಿಸುವ ಬಗ್ಗೆ ಹೇಳಿದ್ದಾರೆ. ಸವೆತವೇ ಎಂದು ಖಚಿತವಾದ ಮೇಲೆ ಏನು ಮಾಡಬೇಕೆಂಬುದು ನನ್ನ ದಿನನಿತ್ಯದ ಕೆಲಸವಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

‘ಸವೆತ’ ಎಂಬ ಮಾತು ಕಿವಿಗೆ ಬಿದ್ದೊಡನೆ ಜನರು ನಡೆಯುವುದನ್ನೇ ಬಿಡುತ್ತಾರೆ. ಬಳಸಿದಷ್ಟೂ ಸವೆಯುತ್ತದೆ ಎಂಬುದು ಅವರ ಲೆಕ್ಕ. ಮಂಡಿ ಬೈಸಿಕಲ್ಲಿನ ಟೈರಲ್ಲ. ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ, ಕೀಲಿನೊಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ ಸಿಗಬೇಕು, ಮತ್ತು ಆ ದ್ರವ ಒಳಹೊರಗೆ ಸರಿದಾಡಲು ಕೀಲು ಚಲಿಸುತ್ತಿರಬೇಕು. ನಡೆಯುವುದನ್ನು ಬಿಟ್ಟವರ ತೊಡೆಯ ಮುಂಭಾಗದ ಸ್ನಾಯು ಕೆಲವೇ ವಾರಗಳಲ್ಲಿ ಕ್ಷೀಣಿಸುತ್ತದೆ. ಆ ಸ್ನಾಯು ಹೊರಬೇಕಾದ ಭಾರವನ್ನೆಲ್ಲ ಆಗ ಕೀಲು ಹೊರುತ್ತದೆ, ನೋವು ಇನ್ನಷ್ಟು ಹೆಚ್ಚುತ್ತದೆ, ನಡಿಗೆ ಇನ್ನಷ್ಟು ಕಡಿಮೆಯಾಗುತ್ತದೆ.

ನಿಮ್ಮ ತಾಯಿಯವರಿಗೆ ಇಳಿಯುವಾಗ ಹೆಚ್ಚು ನೋವು ಎಂದಿರಿ. ಇಳಿಯುವಾಗ ಮೈಭಾರವನ್ನು ನಿಧಾನವಾಗಿ ಕೆಳಗಿಳಿಸುವ ಕೆಲಸ ಅದೇ ತೊಡೆಸ್ನಾಯುವಿನದು, ಮತ್ತು ಆ ಹೊತ್ತಿನಲ್ಲಿ ಮಂಡಿಚಿಪ್ಪು ತೊಡೆಮೂಳೆಯ ಮೇಲೆ ಮೈತೂಕದ ಎಷ್ಟೋ ಪಟ್ಟು ಬಲದಿಂದ ಒತ್ತುತ್ತದೆ. ಆದ್ದರಿಂದ ಮೊದಲ ಕೆಲಸ ಆ ಸ್ನಾಯುವನ್ನು ಗಟ್ಟಿ ಮಾಡುವುದು. ಮಂಚದ ಮೇಲೆ ಕಾಲು ಚಾಚಿ ಕುಳಿತು, ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ಅದನ್ನು ಮಂಡಿಯಿಂದ ಕೆಳಕ್ಕೊತ್ತಿ ಐದು ಎಣಿಸುವವರೆಗೆ ಹಿಡಿದು ಬಿಡುವುದು. ಅದು ಸಲೀಸಾದ ಮೇಲೆ ಮಲಗಿಕೊಂಡು ಒಂದು ಕಾಲು ಮಡಚಿ, ಇನ್ನೊಂದನ್ನು ನೇರವಾಗಿ ಒಂದು ಗೇಣು ಎತ್ತಿ ಹಿಡಿಯುವುದು. ನಂತರ ಗಟ್ಟಿಯಾದ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಒಂದೊಂದನ್ನೂ ಹತ್ತು ಬಾರಿ, ದಿನಕ್ಕೆ ಎರಡು ಹೊತ್ತು ಮಾಡಿದರೆ ಸಾಕು. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಕಿಲ್ಲ. ಮರುದಿನ ಬೆಳಿಗ್ಗೆಯೂ ಆ ನೋವು ಉಳಿದಿದ್ದರೆ ಎಣಿಕೆಯನ್ನು ಇಳಿಸಬೇಕು. ಫಲ ಕಾಣಲು ಆರರಿಂದ ಹನ್ನೆರಡು ವಾರ ಬೇಕಾಗುತ್ತದೆ, ಮತ್ತು ಹೆಚ್ಚಿನವರು ಎರಡನೆಯ ವಾರಕ್ಕೇ ಕೈಬಿಡುತ್ತಾರೆ ಎಂಬುದು ನನ್ನ ದೂರು.

ತೂಕದ ವಿಷಯ ಹೇಳಿದರೆ ಕೆಲವರಿಗೆ ಬೇಸರವಾಗುತ್ತದೆ, ಆದರೂ ಹೇಳಲೇಬೇಕು. ಮೈತೂಕ ಒಂದು ಕೆ.ಜಿ. ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕೆ.ಜಿ.ಯಷ್ಟು ಇಳಿಯುತ್ತದೆ. ಐದು ಕೆ.ಜಿ. ಇಳಿಸುವುದು ಯಾವ ಡಬ್ಬಿಯ ಮಾತ್ರೆಗಿಂತಲೂ ದೊಡ್ಡ ಔಷಧಿ.

ಇನ್ನು ಕೂರುವ ರೀತಿ. ಅಡಿಕೆ ಸುಲಿಯುವುದನ್ನು ಬಿಡಿಸಬೇಕಿಲ್ಲ. ಎತ್ತರದ ಮಣೆ ಅಥವಾ ಬೆಂಚಿನ ಮೇಲೆ ಕುಳಿತು, ಮೆಟ್ಟುಗತ್ತಿಯನ್ನೂ ಅದಕ್ಕೆ ತಕ್ಕಂತೆ ಎತ್ತರಿಸಿಕೊಂಡರೆ ಮಂಡಿ ಪೂರ್ತಿ ಮಡಚಿಕೊಳ್ಳುವುದು ತಪ್ಪುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಲಿ. ಕುಕ್ಕರಗಾಲಿನಲ್ಲಿ ಕೂರುವ ಶೌಚಾಲಯವಿದ್ದರೆ ಅದರ ಮೇಲಿಡುವ ಸ್ಟೂಲಿನಂಥ ಕಮೋಡು ಸಿಗುತ್ತದೆ. ಊರುಗೋಲು ಹಿಡಿಯುವುದಾದರೆ ನೋಯುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು: ಬಲಮಂಡಿ ನೋವಿಗೆ ಎಡಗೈ. ಹತ್ತರಲ್ಲಿ ಎಂಟು ಮಂದಿ ನೋವಿರುವ ಕಡೆಯೇ ಹಿಡಿದು ಬರುತ್ತಾರೆ.

ಮಂಡ್ಯದ ಕಬಡ್ಡಿ ತರಬೇತುದಾರ

ವಯಸ್ಸಾದವರ ಮಾತು ಬಂತು, ಹುಡುಗರ ಮಾತೂ ಬರಲಿ. ರೇಡ್ ಮಾಡುವವನ ಕಾಲನ್ನು ಹಿಡಿದೆಳೆದಾಗ ಪಾದ ನೆಲದಲ್ಲೇ ಊರಿಕೊಂಡು ಮೈ ಮಾತ್ರ ತಿರುಗಿದರೆ, ಮಂಡಿಯೊಳಗೆ ‘ಟಕ್’ ಎಂದ ಸದ್ದು ಅವನಿಗೇ ಕೇಳಿಸುತ್ತದೆ. ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಮಂಡಿ ತುಂಬಿಕೊಂಡು ಊದಿದರೆ ಒಳಗೆ ರಕ್ತ ತುಂಬಿದೆ ಎಂದೇ ತಿಳಿಯಬೇಕು, ಮತ್ತು ಬಹುಪಾಲು ಅದು ಮುಂಭಾಗದ ಅಡ್ಡ ಅಸ್ಥಿರಜ್ಜು (ಮೂಳೆಗಳನ್ನು ಬಿಗಿದಿಡುವ ಪಟ್ಟಿ, ಲಿಗಮೆಂಟ್), ನಾವೆಲ್ಲ ಎಸಿಎಲ್ ಎನ್ನುವುದು, ಹರಿದಿರುವ ಸೂಚನೆ. ಊತ ಮರುದಿನ ನಿಧಾನವಾಗಿ ಬಂದು, ಮಂಡಿ ಒಂದು ಹಂತದಲ್ಲಿ ಸಿಕ್ಕಿಹಾಕಿಕೊಂಡು ನೇರವಾಗದಿದ್ದರೆ ಒಳಗಿನ ಮೆತ್ತೆ, ಅಂದರೆ ಮೆನಿಸ್ಕಸ್, ಹರಿದಿರುವ ಸಂಭವ ಹೆಚ್ಚು.

ನಮ್ಮ ಕಡೆ ಆಗುವ ಅನಾಹುತವೆಂದರೆ, ಆಗಲೇ ಬಿಸಿ ಎಣ್ಣೆ ಹಾಕಿ ಬಲವಾಗಿ ತಿಕ್ಕುವುದು. ಹೊಸ ಪೆಟ್ಟಿಗೆ ತಿಕ್ಕಬಾರದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ಇಪ್ಪತ್ತು ನಿಮಿಷ ಇಟ್ಟು, ಹದವಾಗಿ ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ಎರಡು ವಾರಕ್ಕೆ ಊತ ಇಳಿದಾಗ ಹುಡುಗರು ವಾಸಿಯಾಯಿತೆಂದು ಮತ್ತೆ ಅಂಕಣಕ್ಕೆ ಇಳಿಯುತ್ತಾರೆ, ತಿರುಗುವಾಗ ಮಂಡಿ ಜಾರುತ್ತದೆ, ಅದುವರೆಗೆ ಚೆನ್ನಾಗಿದ್ದ ಮೆತ್ತೆಯೂ ಹರಿಯುತ್ತದೆ. ಊತವಿಳಿದರೂ ಪರೀಕ್ಷೆ ಮಾಡಿಸದೆ ನಾನು ಯಾರನ್ನೂ ಆಡಿಸುವುದಿಲ್ಲ.

ಡಾಕ್ಟರೇ, ಪೆಟ್ಟಾದವರೆಲ್ಲರಿಗೂ ಎಕ್ಸ್‌ರೇ ಬೇಕೇ?

ನಿವೃತ್ತ ತಾಲ್ಲೂಕು ವೈದ್ಯ

ಬೇಕಿಲ್ಲ. ಕೆನಡಾದ ಒಟ್ಟಾವಾದಲ್ಲಿ 1990ರ ದಶಕದಲ್ಲಿ ಇದಕ್ಕೆಂದೇ ಒಂದು ಸರಳ ನಿಯಮ ರೂಪಿಸಿದರು. ಪೆಟ್ಟಾದವರಿಗೆ 55 ವರ್ಷ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ, ಮಂಡಿಚಿಪ್ಪನ್ನು ಮಾತ್ರ ಒತ್ತಿದಾಗ ನೋವಿದ್ದರೆ, ಮಂಡಿಯ ಹೊರಬದಿಯಲ್ಲಿ ಕೆಳಗೆ ಸಿಗುವ ಸಣ್ಣ ಮೂಳೆಯ ತಲೆಯನ್ನು ಒತ್ತಿದಾಗ ನೋವಿದ್ದರೆ, ಮಂಡಿಯನ್ನು 90 ಡಿಗ್ರಿಯವರೆಗೆ ಮಡಚಲಾಗದಿದ್ದರೆ, ಅಥವಾ ಪೆಟ್ಟಾದ ಕೂಡಲೇ ಮತ್ತು ಆಸ್ಪತ್ರೆಯಲ್ಲಿಯೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ತೆಗೆಯಬೇಕು. ಐದರಲ್ಲಿ ಒಂದೂ ಇಲ್ಲದಿದ್ದರೆ ಮೂಳೆ ಮುರಿದಿರುವ ಸಂಭವ ತೀರಾ ಕಡಿಮೆ. ಆದರೆ ಎಕ್ಸ್‌ರೇಯಲ್ಲಿ ಲಿಗಮೆಂಟೂ ಮೆನಿಸ್ಕಸ್ಸೂ ಕಾಣುವುದಿಲ್ಲ, ‘ಎಕ್ಸ್‌ರೇ ಸರಿಯಾಗಿದೆ’ ಎಂದರೆ ಮಂಡಿ ಸರಿಯಾಗಿದೆ ಎಂದಲ್ಲ.

ನಾಟಿ ಕಟ್ಟು ಹಾಕಿಸುವವರಿಗೆ ಒಂದು ಎಚ್ಚರಿಕೆ. ಕಟ್ಟು ಬಿಗಿಯಾಗಿ ಪಾದ ತಣ್ಣಗಾಗುವುದು, ಜೋಮು ಹಿಡಿಯುವುದು, ಬೆರಳುಗಳು ನೀಲಿಯಾಗುವುದು ಕಂಡರೆ ಆ ಕ್ಷಣವೇ ಕಟ್ಟನ್ನು ಕತ್ತರಿಸಿ ತೆಗೆಯಬೇಕು. ರಕ್ತ ಸಂಚಾರ ನಿಂತು ಕಾಲನ್ನೇ ಕಳೆದುಕೊಂಡವರಿದ್ದಾರೆ.

ಮೈಸೂರಿನ ತಾಯಿ

ನನ್ನ ಮಗನಿಗೆ ಹನ್ನೆರಡು ವರ್ಷ. ಶಾಲೆಯ ಖೋಖೋ ತಂಡದಲ್ಲಿದ್ದಾನೆ. ಎರಡೂ ಮಂಡಿಚಿಪ್ಪುಗಳ ಕೆಳಗೆ ಗಂಟಿನಂತೆ ಉಬ್ಬಿದ್ದು, ಆಡಿ ಬಂದ ಮೇಲೆ ನೋಯುತ್ತದೆ ಎನ್ನುತ್ತಾನೆ. ಬೆಳೆಯುವ ಮಕ್ಕಳಿಗೆ ಇದು ಸಹಜ ಎಂದು ಅತ್ತೆಯವರು ಹೇಳುತ್ತಾರೆ. ಸುಮ್ಮನಿರಬಹುದೇ?

ನಿವೃತ್ತ ತಾಲ್ಲೂಕು ವೈದ್ಯ

ಅಮ್ಮ, ಅತ್ತೆಯವರ ಮಾತಿನಲ್ಲಿ ಸತ್ಯವಿದೆ. ಹತ್ತರಿಂದ ಹದಿನೈದರ ವಯಸ್ಸಿನಲ್ಲಿ ಮೂಳೆ ಭರದಿಂದ ಬೆಳೆಯುವಾಗ, ತೊಡೆಸ್ನಾಯುವಿನ ಸ್ನಾಯುರಜ್ಜು ಮಂಡಿಯ ಕೆಳಗಿನ ಕಾಲುಮೂಳೆಗೆ ಅಂಟಿಕೊಳ್ಳುವ ಜಾಗವನ್ನು ಎಳೆದೆಳೆದು ಅಲ್ಲಿ ಹೀಗೆ ಉಬ್ಬು ಬರುತ್ತದೆ. ಓಡುವ, ಜಿಗಿಯುವ ಮಕ್ಕಳಲ್ಲಿ ಇದು ಸಾಮಾನ್ಯ, ಆಟವನ್ನು ಸ್ವಲ್ಪ ತಗ್ಗಿಸಿದರೆ ನೋವು ಹಿಡಿತಕ್ಕೆ ಬರುತ್ತದೆ, ಬೆಳವಣಿಗೆ ಮುಗಿದಾಗ ತಾನಾಗಿ ನಿಲ್ಲುತ್ತದೆ. ಉಬ್ಬು ಮಾತ್ರ ಉಳಿಯಬಹುದು. ಆದರೂ ಒಮ್ಮೆ ವೈದ್ಯರ ಕೈಯಲ್ಲಿ ನೋಡಿಸಿಬಿಡಿ.

ಮಕ್ಕಳ ವಿಷಯದಲ್ಲಿ ಸುಮ್ಮನಿರಬಾರದ ಸಂದರ್ಭಗಳು ಬೇರೆ ಇವೆ. ಮಗು ಕುಂಟುತ್ತಿದ್ದು ಮಂಡಿಯಲ್ಲಿ ಏನೂ ಸಿಗದಿದ್ದರೆ ಸೊಂಟದ ಕೀಲಿನ ಎಕ್ಸ್‌ರೇ ಆಗಲೇಬೇಕು; ದಪ್ಪಗಿರುವ ಹದಿಹರೆಯದ ಮಕ್ಕಳಲ್ಲಿ ತೊಡೆಮೂಳೆಯ ತಲೆ ಬೆಳವಣಿಗೆಯ ಪದರದಲ್ಲಿ ಜಾರಿರಬಹುದು, ತಡವಾದಷ್ಟೂ ಹೆಚ್ಚು ಜಾರುತ್ತದೆ. ಆಟಕ್ಕೂ ನೋವಿಗೂ ಸಂಬಂಧವಿಲ್ಲದೆ ಒಂದೇ ಮಂಡಿಯ ಬಳಿ ನೋವಿದ್ದು, ರಾತ್ರಿ ನಿದ್ದೆಗೆಡಿಸಿ, ಊತ ವಾರದಿಂದ ವಾರಕ್ಕೆ ದೊಡ್ಡದಾಗುತ್ತಿದ್ದರೆ ಮೂಳೆಯ ಗೆಡ್ಡೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಪರೀಕ್ಷಿಸಬೇಕು. ಹದಿಹರೆಯದಲ್ಲಿ ಬರುವ ಮೂಳೆಯ ಕ್ಯಾನ್ಸರ್ ಅಪರೂಪ, ಆದರೆ ಬಂದರೆ ಹೆಚ್ಚಾಗಿ ಮಂಡಿಯ ಸುತ್ತಲೇ ಬರುತ್ತದೆ. ಇಂಥ ಊತಕ್ಕೆ ಮಸಾಜು ಮಾಡಿಸಿ ತಿಂಗಳುಗಳನ್ನು ಕಳೆಯಬಾರದು.

ತುಮಕೂರಿನ ಹಿರಿಯರು

ಎಲ್ಲರೂ ಎಕ್ಕದ ಎಲೆಯನ್ನು ಹಾಸ್ಯ ಮಾಡುವಂತೆ ಕಾಣುತ್ತದೆ. ನಮ್ಮ ಮನೆಯಲ್ಲಿ ಮೂರು ತಲೆಮಾರು ಎಲೆಗೆ ಎಳ್ಳೆಣ್ಣೆ ಸವರಿ, ಬಿಸಿ ಮಾಡಿ ಕಟ್ಟಿದ್ದೇವೆ. ಉಪ್ಪಿನ ಗಂಟಿನಿಂದ ಶಾಖ ಕೊಟ್ಟಿದ್ದೇವೆ. ನೋವು ಇಳಿದದ್ದು ಸುಳ್ಳಲ್ಲ.

ಹುಬ್ಬಳ್ಳಿ ಫಿಸಿಯೋಥೆರಪಿಸ್ಟ್

ಯಜಮಾನರೇ, ಯಾರೂ ಹಾಸ್ಯ ಮಾಡಿಲ್ಲ. ಹಳೆಯ ನೋವಿಗೆ, ಬಿಗಿತಕ್ಕೆ ಶಾಖದಿಂದ ಹಾಯೆನಿಸುವುದು ನಿಜ, ನಾವೂ ಕೊಡುತ್ತೇವೆ. ಸವೆದದ್ದನ್ನು ಅದು ಮತ್ತೆ ಬೆಳೆಸುವುದಿಲ್ಲ, ಅಷ್ಟೇ. ಆದರೆ ಎರಡು ಎಚ್ಚರಿಕೆ ಬೇಕು. ಎಕ್ಕದ ಹಾಲು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ತಾಗಿದರೆ ದೃಷ್ಟಿಗೇ ಅಪಾಯ. ಎಲೆ ಕಿತ್ತ ಕೈಯನ್ನು ಸೋಪಿನಿಂದ ತೊಳೆಯಬೇಕು. ಎರಡನೆಯದು, ಸಕ್ಕರೆ ಕಾಯಿಲೆಯಿರುವ ಅನೇಕರ ಕಾಲಿಗೆ ಬಿಸಿ ತಿಳಿಯುವುದಿಲ್ಲ. ಬೊಬ್ಬೆ ಎದ್ದು ಹುಣ್ಣಾದ ಮೇಲೆಯೇ ಅವರಿಗೆ ಗೊತ್ತಾಗುವುದು. ಶಾಖವನ್ನು ಮೊದಲು ಮನೆಯ ಬೇರೊಬ್ಬರು ತಮ್ಮ ಕೈಗೆ ತಾಗಿಸಿ ನೋಡಲಿ. ಕೆಂಪಾಗಿ ಬಿಸಿಯಾಗಿರುವ ಮಂಡಿಗೆ ಶಾಖ ಕೊಡಲೇಬಾರದು.

ಎಲೆಗಿಂತ ನನಗೆ ಹೆಚ್ಚು ಭಯವಿರುವುದು ಹೆಸರಿಲ್ಲದ ಪುಡಿ ಮತ್ತು ಗುಳಿಗೆಗಳ ಬಗ್ಗೆ. ಸಂತೆಯಲ್ಲಿ, ಬಸ್ ನಿಲ್ದಾಣದ ಬಳಿ ಕಾಗದದ ಪೊಟ್ಟಣದಲ್ಲಿ ಮಾರುವ ಇಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಎರಡೇ ದಿನದಲ್ಲಿ ನೋವು ಮಾಯವಾಗುವುದೇ ಅದರ ಗುರುತು. ತಿಂಗಳುಗಳ ನಂತರ ಮುಖ ಊದಿ, ಸಕ್ಕರೆ ಏರಿ, ಮೂಳೆ ಟೊಳ್ಳಾಗಿ ಬರುತ್ತಾರೆ.

ಪಾವಗಡದ ಮೇಷ್ಟ್ರು

ನಮ್ಮ ಭಾಗದ ಮಾತನ್ನು ಯಾರೂ ಎತ್ತಲಿಲ್ಲ. ಇಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎಂಬುದು ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದವರ ಹಲ್ಲಿನ ಕಂದುಗೆರೆ ಎಲ್ಲರಿಗೂ ಕಾಣುತ್ತದೆ, ಆದರೆ ಮೂಳೆಗೂ ಅದೇ ಆಗಿರುತ್ತದೆ. ಬೆನ್ನು, ಕುತ್ತಿಗೆ, ಮಂಡಿ ಬಿಗಿದು, ಬಗ್ಗಲಾಗದೆ, ಏಳಲಾಗದೆ ಕೂರುವ ಐವತ್ತರವರು ನಮ್ಮ ಊರುಗಳಲ್ಲಿದ್ದಾರೆ. ನೀರು ಕಾಯಿಸಿ ಕುಡಿದರೆ ಸರಿಹೋಗುತ್ತದೆ ಎಂದು ತಿಳಿದವರು ಬಹಳ; ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಶುದ್ಧೀಕರಣ ಘಟಕದ ನೀರನ್ನೋ ಸಂಗ್ರಹಿಸಿದ ಮಳೆನೀರನ್ನೋ ಕುಡಿಯಬೇಕು. ಒಂದು ಮನೆಯಲ್ಲಿ, ಒಂದು ಬೀದಿಯಲ್ಲಿ ಹಲವರಿಗೆ ಒಟ್ಟಿಗೆ ಮಂಡಿ ನೋವಿದ್ದರೆ ನೀರನ್ನು ಪರೀಕ್ಷಿಸಿ ನೋಡಿ ಎಂದು ನನ್ನ ಕೋರಿಕೆ.

ನಿವೃತ್ತ ತಾಲ್ಲೂಕು ವೈದ್ಯ

ಮೇಷ್ಟ್ರೇ, ಒಳ್ಳೆಯ ಮಾತು ಎತ್ತಿದಿರಿ. ಊರಿಗೆ ತಕ್ಕಂತೆ ಕಾರಣ ಬದಲಾಗುತ್ತದೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಗುರುತಿಸಿದ, ವಂಶವಾಹಿಯಾಗಿ ಬರುವ, ಸೊಂಟ ಮತ್ತು ಮಂಡಿಯ ಕೀಲುಗಳನ್ನು ಕೆಡಿಸುವ ರೋಗವೊಂದಿದೆ. ಬೇರೆಡೆಯ ವೈದ್ಯರು ಅದನ್ನು ಕಂಡಿರುವುದೇ ಇಲ್ಲ. ಹಾಗೆಯೇ 2006ರಲ್ಲಿ ನಮ್ಮ ರಾಜ್ಯದಲ್ಲಿ ಚಿಕೂನ್‌ಗುನ್ಯಾ ಹಬ್ಬಿದಾಗ, ಜ್ವರ ನಾಲ್ಕೈದು ದಿನಕ್ಕೆ ಇಳಿದರೂ ಗಂಟುನೋವು ತಿಂಗಳುಗಟ್ಟಲೆ ಬಿಡದೆ ಜನ ಗೋಡೆ ಹಿಡಿದು ನಡೆದದ್ದನ್ನು ಕಂಡಿದ್ದೇನೆ. ಈಗಲೂ ಮಳೆಗಾಲದ ಜ್ವರದ ನಂತರ ಮಂಡಿ ಹಿಡಿದುಕೊಂಡವರು ಅದನ್ನು ವೈದ್ಯರಿಗೆ ಹೇಳಬೇಕು, ಇಲ್ಲದಿದ್ದರೆ ಅದೂ ‘ಸವೆತ’ದ ಲೆಕ್ಕಕ್ಕೇ ಹೋಗುತ್ತದೆ.

ಶಿರಸಿಯ ತಂಗಿಯ ಎರಡನೆಯ ಪ್ರಶ್ನೆಗೆ ಈಗ ಬರುತ್ತೇನೆ. ಗಂಟೆಗಳ ಲೆಕ್ಕದಲ್ಲಿ ಓಡಬೇಕಾದದ್ದು ಮುಖ್ಯವಾಗಿ ಒಂದಕ್ಕೆ: ಮಂಡಿ ಬಿಸಿಯಾಗಿ ಊದಿ, ಸ್ವಲ್ಪ ಅಲುಗಾಡಿಸಿದರೂ ಚೀರುವಂತಾಗಿ, ಜ್ವರ ಅಥವಾ ಚಳಿ ಇದ್ದರೆ, ಕೀಲಿನೊಳಗೆ ಕೀವಾಗಿದೆ ಎಂದೇ ಭಾವಿಸಬೇಕು. ಕೆಲವೇ ದಿನಗಳಲ್ಲಿ ಮೃದ್ವಸ್ಥಿ ಕರಗಿಹೋಗುತ್ತದೆ, ಸೋಂಕು ರಕ್ತಕ್ಕೆ ಹರಡಿದರೆ ಜೀವಕ್ಕೂ ಅಪಾಯ. ಸಕ್ಕರೆ ಕಾಯಿಲೆಯವರು, ಮಂಡಿಗೆ ಇತ್ತೀಚೆಗೆ ಇಂಜೆಕ್ಷನ್ ಹಾಕಿಸಿಕೊಂಡವರು, ಮಂಡಿ ಬದಲಾಯಿಸಿಕೊಂಡವರು ವಿಶೇಷವಾಗಿ ಎಚ್ಚರವಿರಬೇಕು. ವಯಸ್ಸಾದವರಲ್ಲಿ ಜ್ವರ ಕಾಣಿಸದೆಯೂ ಇರಬಹುದು. ಸೂಜಿಯಿಂದ ಕೀಲಿನ ನೀರು ತೆಗೆದು ಪರೀಕ್ಷಿಸಿದರೆ ಗೌಟೋ ಕೀವೋ ತಿಳಿಯುತ್ತದೆ. ಆ ಪರೀಕ್ಷೆಗೆ ಮೊದಲೇ ಮನೆಯಲ್ಲಿ ಉಳಿದಿದ್ದ ಆಂಟಿಬಯಾಟಿಕ್ ನುಂಗಿಸಬೇಡಿ.

ಅದೇ ದಿನ ತೋರಿಸಬೇಕಾದವು ಇನ್ನೂ ಕೆಲವು. ಪೆಟ್ಟಾದ ಮೇಲೆ ಕಾಲೂರಲಾಗದಿರುವುದು, ಮಂಡಿಯ ಆಕಾರವೇ ಬದಲಾಗಿರುವುದು, ಪಾದ ತಣ್ಣಗಾಗಿರುವುದು, ಮಂಡಿ ಸಿಕ್ಕಿಹಾಕಿಕೊಂಡು ನೇರವಾಗದಿರುವುದು. ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಮಂಡಿಯ ಹಿಂದಿನ ನೀರುಗಂಟು ಒಡೆದರೂ ಹಾಗೆಯೇ ಕಾಣುತ್ತದೆ, ಸ್ಕ್ಯಾನ್ ಮಾಡದೆ ಎರಡನ್ನೂ ಬೇರ್ಪಡಿಸಲಾಗದು. ಜೊತೆಗೆ ಉಸಿರು ಕಟ್ಟುತ್ತಿದ್ದರೆ 108ಕ್ಕೆ ಕರೆ ಮಾಡಿ.

ಇವು ಯಾವುದೂ ಇಲ್ಲದೆ, ಆರು ವಾರ ವ್ಯಾಯಾಮ ಮಾಡಿಯೂ ನೋವು ಇಳಿಯದಿದ್ದರೆ, ಮಂಡಿ ಆಗಾಗ ಕುಸಿಯುತ್ತಿದ್ದರೆ, ಬಿಗಿತ ಒಂದು ಗಂಟೆ ಮೀರಿದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಸಮಯ ಗೊತ್ತು ಮಾಡಿಕೊಂಡು ಹೋಗಿ.

ಬೆಂಗಳೂರಿನ ಐಟಿ ಉದ್ಯೋಗಿ

ನನಗೆ 52 ವರ್ಷ. ಎಂಆರ್‌ಐ ವರದಿಯಲ್ಲಿ ‘ಮೆನಿಸ್ಕಸ್ ಹರಿದಿದೆ’ ಎಂದು ಬಂದಿದೆ. ಪೆಟ್ಟೇನೂ ಆಗಿಲ್ಲ, ಮಂಡಿ ಸಿಕ್ಕಿಹಾಕಿಕೊಳ್ಳುವುದೂ ಇಲ್ಲ. ಸಣ್ಣ ರಂಧ್ರದ ಶಸ್ತ್ರಚಿಕಿತ್ಸೆಯಿಂದ ಶುಚಿಗೊಳಿಸಬಹುದು ಎಂಬ ಸಲಹೆ ಸಿಕ್ಕಿದೆ.

ನಿವೃತ್ತ ತಾಲ್ಲೂಕು ವೈದ್ಯ

ಅವಸರ ಪಡಬೇಡಿ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಪಟ್ಟಣದ ಐವತ್ತು ದಾಟಿದ ಜನರ ಎಂಆರ್‌ಐ ತೆಗೆದು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆನಿಸ್ಕಸ್ ಹರಿದಿದ್ದವರ ಪೈಕಿ ಶೇ. 61 ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ಮಂಡಿ ನೋವೇ ಇರಲಿಲ್ಲ. ಈ ವಯಸ್ಸಿನಲ್ಲಿ ಅದು ತಲೆಗೂದಲು ನರೆಯುವಷ್ಟೇ ಸಹಜವಾಗಿರಬಹುದು. ಅದಕ್ಕೂ ಮೊದಲು, 2002ರಲ್ಲಿ, ಹ್ಯೂಸ್ಟನ್ನಿನಲ್ಲಿ ಸವೆತವಿದ್ದ 180 ರೋಗಿಗಳನ್ನು ಗುಂಪು ಮಾಡಿ, ಕೆಲವರಿಗೆ ನಿಜವಾದ ಆರ್ಥ್ರೋಸ್ಕೋಪಿಯನ್ನೂ (ಸಣ್ಣ ರಂಧ್ರದ ಶಸ್ತ್ರಚಿಕಿತ್ಸೆ) ಕೆಲವರಿಗೆ ಚರ್ಮದ ಮೇಲೆ ಬರಿಯ ಗಾಯದ ಗುರುತನ್ನೂ ಮಾಡಿದರು. ಎರಡು ವರ್ಷದವರೆಗೆ ನೋಡಿದರೂ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಹುಡುಗನಿಗೆ ಆಟದಲ್ಲಿ ಹರಿದು ಮಂಡಿ ಸಿಕ್ಕಿಹಾಕಿಕೊಂಡಿದ್ದರೆ ಅದು ಬೇರೆ ಮಾತು. ನಿಮಗೆ ಮೂರು ತಿಂಗಳ ಫಿಸಿಯೋಥೆರಪಿ ಮೊದಲು ಆಗಲಿ.

ಬೆಳಗಾವಿಯ ಅಳಿಯ

ಮಂಡಿ ಬದಲಾವಣೆಯ ಬಗ್ಗೆ ಭಯವೇ ಹೆಚ್ಚು ಕೇಳಿಬರುತ್ತದೆ, ಆದ್ದರಿಂದ ಇನ್ನೊಂದು ಬದಿಯನ್ನೂ ಬರೆಯುತ್ತೇನೆ. ನಮ್ಮ ಅತ್ತೆಯವರು ರಾತ್ರಿ ನಿದ್ದೆಯಿಲ್ಲದೆ, ದೇವರ ಕೋಣೆಗೂ ನಡೆಯಲಾಗದ ಸ್ಥಿತಿಯಲ್ಲಿ ಎರಡೂ ಮಂಡಿ ಬದಲಾಯಿಸಿಕೊಂಡರು. ಈಗ ಜಾತ್ರೆಗೆ ನಡೆದೇ ಹೋಗುತ್ತಾರೆ. ಅಟಲ್ ಬಿಹಾರಿ ವಾಜಪೇಯಿ ಅವರು ಪ್ರಧಾನಿಯಾಗಿದ್ದಾಗಲೇ 2000ದಲ್ಲಿ ಒಂದು, 2001ರಲ್ಲಿ ಇನ್ನೊಂದು ಮಂಡಿಯನ್ನು ಮುಂಬೈಯಲ್ಲಿ ಬದಲಾಯಿಸಿಕೊಂಡದ್ದು ಅನೇಕರಿಗೆ ನೆನಪಿರಬಹುದು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು, ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ ನಿಗದಿಯಾದದ್ದು ತೆರಿಗೆ ಬಿಟ್ಟು 54,720 ರೂಪಾಯಿ. ಆಸ್ಪತ್ರೆಯ ಬಿಲ್ಲಿನಲ್ಲಿ ಕೃತಕ ಮಂಡಿಯ ಬೆಲೆಯನ್ನು ಬೇರೆಯಾಗಿ ಬರೆದುಕೊಡುವಂತೆ ಕೇಳಿ. ಸರ್ಕಾರಿ ಯೋಜನೆಯ ನೆರವು ಸಿಗುವುದೇ ಎಂಬುದನ್ನು ದಾಖಲಾಗುವ ಮೊದಲೇ ವಿಚಾರಿಸಿ.

ಆದರೆ ಶಸ್ತ್ರಚಿಕಿತ್ಸೆಯ ನಂತರದ ವ್ಯಾಯಾಮ ಸುಲಭವಲ್ಲ. ಮೊದಲ ವಾರಗಳಲ್ಲಿ ಅತ್ತೆಯವರು ಅತ್ತದ್ದುಂಟು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದನ್ನು ಅವರ ವೈದ್ಯರು ಬಿಡಿಸಿದ್ದಾರೆ, ಪಂಕ್ತಿಯ ಊಟಕ್ಕೆ ಕುರ್ಚಿ ಬೇಕು.

ಶಿರಸಿ ಸೀಮೆಯವಳು

ಇಷ್ಟು ಸಮಾಧಾನವಾಗಿ ಬರೆದ ಎಲ್ಲರಿಗೂ ವಂದನೆಗಳು. ಅಮ್ಮ ಓಡಾಡುತ್ತಿದ್ದಾರೆ, ನಿದ್ದೆ ಮಾಡುತ್ತಾರೆ, ಅಡಿಗೆಯನ್ನೂ ಮಾಡುತ್ತಾರೆ. ಹಾಗಿದ್ದರೆ ಶಸ್ತ್ರಚಿಕಿತ್ಸೆ ಈಗಲೇ ಬೇಡವೇ? ಅವರಿಗೆ ರಕ್ತದೊತ್ತಡದ ಮಾತ್ರೆಯಿದೆ. ನೋವಿನ ಮಾತ್ರೆ, ಇಂಜೆಕ್ಷನ್, ಅಣ್ಣ ಕಳುಹಿಸಿದ ಡಬ್ಬಿ, ಇವುಗಳಲ್ಲಿ ಯಾವುದನ್ನು ಕೊಡಲಿ?

ನಿವೃತ್ತ ತಾಲ್ಲೂಕು ವೈದ್ಯ

ನೀವು ಹೇಳಿದ ಸ್ಥಿತಿಯಲ್ಲಿ ಅವಸರವಿಲ್ಲ. ಎಕ್ಸ್‌ರೇ ಎಷ್ಟು ಕೆಟ್ಟಿದೆ ಎಂಬುದರ ಮೇಲಲ್ಲ, ದಿನದ ಬದುಕು ಎಷ್ಟು ನಿಂತುಹೋಗಿದೆ ಎಂಬುದರ ಮೇಲೆ ಆ ತೀರ್ಮಾನ ಆಗಬೇಕು. ಹಾಗೆಂದು ಕಾಲು ಬಿಲ್ಲಿನಂತೆ ಬಾಗಿ, ತೊಡೆ ಒಣಗಿ, ಹಾಸಿಗೆ ಹಿಡಿಯುವವರೆಗೂ ಮುಂದೂಡುವುದೂ ಸರಿಯಲ್ಲ. ಬದಲಾಯಿಸಿದ ನೂರು ಮಂಡಿಗಳಲ್ಲಿ ಸುಮಾರು 82 ಇಪ್ಪತ್ತೈದು ವರ್ಷ ಬಾಳುತ್ತವೆ ಎಂದು ಹಲವು ದೇಶಗಳ ದಾಖಲೆಗಳನ್ನು ಒಟ್ಟುಗೂಡಿಸಿದ 2019ರ ವಿಶ್ಲೇಷಣೆ ತೋರಿಸಿದೆ. ಅರವತ್ತೈದರಲ್ಲಿ ಮಾಡಿಸಿದವರಿಗೆ ಬಹುಮಟ್ಟಿಗೆ ಅದು ಜೀವಮಾನಕ್ಕೆ ಸಾಕು.

ನೋವಿಗೆ ಮೊದಲು ಡೈಕ್ಲೋಫೆನಾಕ್ ಮುಲಾಮು ಹಚ್ಚಿ ನೋಡಿ. ಅದೇ ಔಷಧಿಯನ್ನು ಮಾತ್ರೆಯಾಗಿ ನುಂಗಿದರೆ ರಕ್ತದೊತ್ತಡ ಏರಬಹುದು, ಹೊಟ್ಟೆಯಲ್ಲಿ ಹುಣ್ಣಾಗಬಹುದು, ಬಿ.ಪಿ.ಯ ಕೆಲವು ಮಾತ್ರೆಗಳೊಂದಿಗೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟಾಗಬಹುದು. ಆದ್ದರಿಂದ ಔಷಧಿ ಅಂಗಡಿಯಲ್ಲಿ ಕೇಳಿ ತಂದು ಕೊಡಬೇಡಿ, ಬಿ.ಪಿ. ನೋಡುವ ವೈದ್ಯರನ್ನೇ ಕೇಳಿ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ಇಳಿಸುತ್ತದೆ, ಮನೆಯಲ್ಲಿ ಮದುವೆಯೋ ಪ್ರಯಾಣವೋ ಇದ್ದಾಗ ಒಮ್ಮೆ ಹಾಕಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಮೂರು ತಿಂಗಳಿಗೊಮ್ಮೆ ಎರಡು ವರ್ಷ ಹಾಕಿಸಿಕೊಂಡವರಲ್ಲಿ ಮೃದ್ವಸ್ಥಿ ಇನ್ನಷ್ಟು ತೆಳುವಾಗಿದ್ದು, ನೋವಿನಲ್ಲಿ ಲಾಭವೂ ಕಾಣಲಿಲ್ಲ ಎಂದು 2017ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಅಣ್ಣನ ಡಬ್ಬಿಯ ಮೇಲೆ ಗ್ಲುಕೋಸಮೈನ್ ಎಂದಿದ್ದರೆ, ಅದು ಮೃದ್ವಸ್ಥಿಯನ್ನು ಬೆಳೆಸುತ್ತದೆ ಎಂಬುದಕ್ಕೆ ನಂಬುವಂಥ ಆಧಾರವಿಲ್ಲ. ಇನ್ನೊಂದು ಡಬ್ಬಿ ತರಿಸುವ ಹಣದಲ್ಲಿ ಶಿರಸಿಯಲ್ಲೇ ಫಿಸಿಯೋಥೆರಪಿಸ್ಟರನ್ನು ಕೆಲವು ಬಾರಿ ಕಂಡು, ಹುಬ್ಬಳ್ಳಿಯವರು ಬರೆದ ವ್ಯಾಯಾಮಗಳನ್ನು ಎದುರಿಗೆ ಮಾಡಿಸಿ ಕಲಿಯಲಿ. ಹನ್ನೆರಡು ವಾರದ ನಂತರ ಮೆಟ್ಟಿಲು ಇಳಿಯುವುದು ಹೇಗಿದೆ ಎಂದು ಇಲ್ಲಿಯೇ ಬರೆಯಿರಿ. ನಡುವೆ ಮಂಡಿ ಬಿಸಿಯಾಗಿ ಊದಿದರೆ ಮಾತ್ರ ಇಲ್ಲಿ ಬರೆಯುತ್ತಾ ಕೂರದೆ, ಅಂದೇ ಆಸ್ಪತ್ರೆಗೆ ಹೋಗಿ.